ಶಕಟರೇಫದ ಅಳಿವು ಮತ್ತು ‘ಅರಿವು’

ಬೆಂಗಳೂರಿನ ದಂಡಿನಿಂದ ಹಲಸೂರಿನತ್ತ ನಡೆಯುವವರಿಗೆ ಕೆಲವು ಫಲಕಗಳ ಮೇಲೆ ಕನ್ನಡದೊಡನೆ ತಮಿಳು ಲಿಪಿಯೂ ಕಾಣಸಿಗುವುದುಂಟು. ಆ ಲಿಪಿಯಲ್ಲಿ ರಕಾರಕ್ಕೆ ಎರಡು ಅಕ್ಷರಗಳಿವೆ. ನಮ್ಮ ಇಂದಿನ ವರ್ಣಮಾಲೆಯಲ್ಲಿರುವುದು ಒಂದೇ. ಆದರೆ ಹಳಗನ್ನಡದಲ್ಲಿ ಸಾಧಾರಣ ರೇಫ ‘ರ’, ಶಕಟರೇಫ ‘ಱ’ ಎಂದು ಎರಡೂ ಇದ್ದುವು. ಹದಿಮೂರನೆಯ ಶತಮಾನದ ಕೇಶಿರಾಜನು ಎ, ಒ, ಳ, ೞಗಳೊಡನೆ ಱಕಾರವನ್ನೂ ದೇಶೀಯಾಕ್ಷರಗಳಲ್ಲಿ ಎಣಿಸಿದ್ದಾನೆ.

ಈ ಭೇದವು ಕೇವಲ ಬರೆವಣಿಗೆಯದಲ್ಲ, ಅರ್ಥದ್ದು. ‘ಏರ್’ ಎಂದರೆ ನೇಗಿಲು, ‘ಏಱು’ ಎಂದರೆ ಹತ್ತು. ‘ಕರೆ’ ಎಂದರೆ ಕೂಗು, ‘ಕಱೆ’ ಎಂದರೆ ಹಾಲು ಹಿಂಡು. ನಡುಗನ್ನಡದ ಕಾಲದಲ್ಲಿ ನಾಲಗೆಯ ಮೇಲೆ ಇವೆರಡೂ ಒಂದಾದುವು. ಲಿಪಿಕಾರರು ಒಂದರೆಡೆಯಲ್ಲಿ ಇನ್ನೊಂದನ್ನು ಬರೆಯತೊಡಗಿದರು. ಕಡೆಗೆ ಶಕಟರೇಫವು ಬಳಕೆ ತಪ್ಪಿತು.

ವಚನಗಳನ್ನು ಓದುವವರಿಗೆ ಇದು ದೂರದ ಸಂಗತಿಯಲ್ಲ. ಶರಣರು ಮತ್ತೆ ಮತ್ತೆ ಬಳಸಿದ ‘ಅರಿವು’, ‘ಮರವು’ ಎಂಬ ಎರಡು ಮಾತುಗಳೂ ಮೂಲದಲ್ಲಿ ಶಕಟರೇಫವುಳ್ಳವು: ಅಱಿವು, ಮಱವು. ಸಾಧಾರಣ ರೇಫದ ‘ಅರಿ’ಗೆ ಕತ್ತರಿಸು ಎಂದರ್ಥ. ಅಜ್ಞಾನವನ್ನು ಅರಿಯುವುದು, ಎಂದರೆ ಕತ್ತರಿಸುವುದೇ ಅರಿವು ಎಂದು ಯಾರಾದರೂ ವಿವರಿಸಿದರೆ ಕಿವಿಗೆ ಇಂಪಾದೀತು. ಶಬ್ದದ ಇತಿಹಾಸ ಅದನ್ನು ಒಪ್ಪದು. ತಮಿಳಿನ ‘ಅಱಿವು’ ಇದಕ್ಕೆ ಸಾಕ್ಷಿ. 1894ರಲ್ಲಿ ಪ್ರಕಟವಾದ ಕಿಟೆಲ್ಲರ ನಿಘಂಟು ಈ ರೇಫಭೇದವನ್ನು ಕಾಪಾಡಿಕೊಂಡಿರುವುದರಿಂದ ವಿದ್ಯಾರ್ಥಿಗಳು ಅದನ್ನು ತೆರೆದು ನೋಡಬಹುದು.

ಹಲಸೂರಿನ ನೆರೆಯ ದೊಮ್ಮಲೂರಿನಲ್ಲಿ, ಚೊಕ್ಕನಾಥ ದೇವಾಲಯದ ಹದಿಮೂರನೆಯ ಶತಮಾನದ ತಮಿಳು ಶಾಸನಗಳಿವೆ. 1809ರಲ್ಲಿ ದಂಡು ನೆಲೆಗೊಳ್ಳುವುದಕ್ಕೆ ಶತಮಾನಗಳ ಮೊದಲೇ ಈ ಸೀಮೆಯಲ್ಲಿ ಎರಡು ಭಾಷೆಗಳೂ ನೆರೆಹೊರೆಯಾಗಿದ್ದುವು. ತಮಿಳರ ಆಡುಮಾತಿನಲ್ಲಿಯೂ ಎರಡು ರೇಫಗಳ ಭೇದ ಬಹುಮಟ್ಟಿಗೆ ಅಳಿದಿದೆ. ಗಾಳಿ ಎಂಬರ್ಥದ ‘ಕಾಱ್ಱು’ ಬಾಯಲ್ಲಿ ‘ಕಾತ್ತು’ ಆಗುತ್ತದೆ. ಅವರ ಬರೆಹ ಮಾತ್ರ ಹಳೆಯದನ್ನು ಬಿಟ್ಟಿಲ್ಲ. ದಂಡಿನ ಆಂಗ್ಲರಾದರೋ ತಮ್ಮ ಶಿಷ್ಟ ಉಚ್ಚಾರಣೆಯಂತೆ ಪದಾಂತ್ಯದ ರಕಾರವನ್ನು ನುಡಿಯದೆ ‘ಬ್ಯಾಂಗಲೋ’ ಎಂದೇ ಮುಗಿಸುತ್ತಿದ್ದರು. 2014ರಲ್ಲಿ ‘ಬೆಂಗಳೂರು’ ಎಂಬುದು ಇಂಗ್ಲಿಷಿನಲ್ಲಿಯೂ ಅಧಿಕೃತ ರೂಪವಾದಾಗ ‘ಊರಿ’ನ ರೇಫ ಆ ಬರೆಹದಲ್ಲಿ ಸ್ಫುಟವಾಯಿತು.

ಆದುದರಿಂದ ನೆರೆಯವರ ರಕಾರವನ್ನು ಕೇಳಿ ನಗುವ ಮುನ್ನ, ನಮ್ಮ ನಾಲಗೆಯೂ ಒಂದು ರಕಾರವನ್ನು ಕಳೆದುಕೊಂಡಿದೆಯೆಂಬುದನ್ನು ನೆನೆಯಬೇಕು. ಕಳೆದುದನ್ನು ಮತ್ತೆ ನುಡಿಯಬೇಕಾಗಿಲ್ಲ. ಅರ್ಥ ಹೇಳುವಾಗ ಮರೆಯದಿದ್ದರೆ ಸಾಕು.