ಕುಟುಂಬ, ಗಡಿ ಮತ್ತು ನ್ಯಾಯಾಸನ

ಅನ್ಯಾಯಕ್ಕೊಳಗಾದವರು ಅಧಿಕಾರದ ಮುಂದೆ ನಿಂತು ಬಿನ್ನವಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದೆಡೆಯ ಭವ್ಯಜನರು ವೈಷ್ಣವರಿಂದಾದ ತೊಂದರೆಯನ್ನು ಬುಕ್ಕರಾಯನಿಗೆ ನಿವೇದಿಸಿದರೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಅಷ್ಟಕ್ಕೇ ನಿಲ್ಲದೆ, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಿಂದ ಜಿನಾಲಯಗಳ ಜೀರ್ಣೋದ್ಧಾರ ಮಾಡಬೇಕೆಂಬ ಏರ್ಪಾಡೂ ಆಯಿತು. ಮುಂದೆ 1385ರಲ್ಲಿ ಇರುಗಪ್ಪ ದಂಡನಾಯಕನು ರಾಜಧಾನಿಯಲ್ಲೇ ಕಟ್ಟಿಸಿದ ಕುಂಥುಜಿನಾಲಯವು ಕಮಲಾಪುರದಿಂದ ಕಂಪ್ಲಿಗೆ ಹೋಗುವ ಹಾದಿಯಲ್ಲಿ ಗಾಣಗಿತ್ತಿ ಬಸದಿಯೆಂಬ ಹೆಸರಿನಿಂದ ಇಂದಿಗೂ ನಿಂತಿದೆ.

ಇಂತಹ ಬಿನ್ನಪವೇ ಆಧುನಿಕ ಕಾಲದಲ್ಲಿ ನ್ಯಾಯಾಲಯದ ಮೊಕದ್ದಮೆಯ ರೂಪವನ್ನು ತಾಳಿತು. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಹಸನ್ ಈಸಪ್ ಎಂಬ ಭಾರತೀಯನು ತವರಿಗೆ ಬಂದು ವಿವಾಹವಾಗಿ, ಪತ್ನಿ ಬಾಯಿ ಮರಿಯಮ್ಮಳೊಡನೆ ಹಿಂದಿರುಗಿದಾಗ ಆಕೆಗೆ ಪ್ರವೇಶವನ್ನು ನಿರಾಕರಿಸಲಾಯಿತು. ಆತನು ಕೇಪ್ ಪ್ರಾಂತ್ಯದ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕನು. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ಅವರು ನೀಡಿದ ತೀರ್ಪು ಆತನಿಗೆ ವಿರುದ್ಧವಾಯಿತು. ಬಹುಪತ್ನೀತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ವಿವಾಹಕ್ಕೆ ಅಲ್ಲಿ ಮಾನ್ಯತೆಯಿಲ್ಲವೆಂಬುದು ಅದರ ಸಾರಾಂಶ. ಹಿಂದೂ, ಮುಸ್ಲಿಂ, ಪಾರಸಿ ಸ್ತ್ರೀಯರೆಲ್ಲರ ಪತ್ನೀತ್ವವೂ ಮಕ್ಕಳ ಹಕ್ಕೂ ಇದರಿಂದ ಸಂಶಯಕ್ಕೊಳಗಾದವು.

ಮೊಕದ್ದಮೆ ಸೋತರೂ ನ್ಯಾಯದ ಬೇಡಿಕೆ ಸೋಲಲಿಲ್ಲ. ಕಸ್ತೂರಬಾ ಅವರು ಇತರ ಮಹಿಳೆಯರೊಡನೆ ಗಡಿಯನ್ನು ದಾಟಿ, 1913ರ ಸೆಪ್ಟೆಂಬರಿನಲ್ಲಿ ಮೂರು ತಿಂಗಳ ಕಠಿಣ ಶಿಕ್ಷೆಗೆ ಗುರಿಯಾದರು. ಮೂರು ಪೌಂಡಿನ ತಲೆಗಂದಾಯದ ಭಾರದಿಂದ ಬಳಲಿದ್ದ ಗಣಿ ಕಾರ್ಮಿಕರೂ ಚಳವಳಿಯಲ್ಲಿ ಕೂಡಿದರು. 1914ರ ಭಾರತೀಯರ ಪರಿಹಾರ ಕಾಯಿದೆಯು ಆ ಕಂದಾಯವನ್ನು ತೆಗೆದುಹಾಕಿತು. ಒಬ್ಬ ಪತ್ನಿ ಹಾಗೂ ಆಕೆಯ ಅಪ್ರಾಪ್ತ ಮಕ್ಕಳ ಪ್ರವೇಶವನ್ನು ಮಾನ್ಯಮಾಡಿತು. ಹೊಸ ವಲಸೆಯ ಮೇಲಿನ ನಿರ್ಬಂಧವಾದರೋ ಹಾಗೆಯೇ ಉಳಿಯಿತು. ದೊರೆತದ್ದು ಪೂರ್ಣ ನ್ಯಾಯವಲ್ಲ. ಆದರೂ ಒಡೆದ ಮನೆಗಳು ಕೂಡಲು ಸಾಧ್ಯವಾಯಿತು.

ಒಂದು ಶತಮಾನದ ತರುವಾಯ ಅಮೆರಿಕದಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. 2018ರಲ್ಲಿ ಮೆಕ್ಸಿಕೊ ಗಡಿಯಲ್ಲಿ ಸಾವಿರಾರು ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಲಾಗಿತ್ತು. ಅದೇ ಜೂನ್ 26ರಂದು ನ್ಯಾಯಾಧೀಶ ಡೇನಾ ಸಬ್ರಾ ಅವರು, ಐದು ವರ್ಷದೊಳಗಿನ ಮಕ್ಕಳನ್ನು 14 ದಿನಗಳಲ್ಲಿಯೂ ಉಳಿದವರನ್ನು 30 ದಿನಗಳಲ್ಲಿಯೂ ಹೆತ್ತವರಿಗೆ ಒಪ್ಪಿಸಬೇಕೆಂದು ಆಜ್ಞಾಪಿಸಿದರು. ಬಂಧಿತರ ಸಾಮಾನುಗಳಿಗೆ ಲೆಕ್ಕವಿಡುವ ಸರ್ಕಾರವು ಮಕ್ಕಳ ಲೆಕ್ಕವನ್ನು ಇಡಲಿಲ್ಲವೆಂದು ಅವರು ಆಕ್ಷೇಪಿಸಿದರು. ಯಾವ ಮಗು ಯಾರದೆಂಬ ಬರಹವೇ ಸರಿಯಾಗಿಲ್ಲದ್ದರಿಂದ ಅನೇಕ ಮಕ್ಕಳು ಗಡುವು ಮೀರಿದರೂ ಮನೆ ಸೇರಲಿಲ್ಲ. ಕಾವಲಿಗೆ ಎಷ್ಟು ಜನ, ವೆಚ್ಚಕ್ಕೆ ಎಷ್ಟು ಹಣವೆಂದು ನಿರ್ಣಯಿಸಿದ ಬುಕ್ಕರಾಯನ ಶಾಸನದ ವಿವೇಕ ಇಲ್ಲಿ ಸ್ಮರಣೀಯ. ಆಜ್ಞೆಯ ಹಿಂದೆ ವ್ಯವಸ್ಥೆಯಿಲ್ಲದಿದ್ದರೆ ಆಜ್ಞೆ ಫಲಿಸದು.

ತನ್ನ ಗಡಿಯನ್ನು ಕಾಯುವುದು ರಾಜ್ಯದ ಧರ್ಮವೆಂಬುದು ನಿರ್ವಿವಾದ. ಆದರೆ ಆ ಧರ್ಮಕ್ಕೂ ಮೇರೆಯಿದೆ. ನಮ್ಮ ಸಂವಿಧಾನದ 21ನೆಯ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಪೌರರಿಗೆ ಮಾತ್ರವಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ನೀಡಿದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವೂ ಒಂದೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ತಾಯಿಯ ಮಡಿಲಿನಿಂದ ಮಗುವನ್ನು ಅಗಲಿಸಿ ಕೂಡಿಡುವುದು ಕಾಯಿದೆಯ ಹೆಸರಿನಲ್ಲಿ ನಡೆದರೂ ಹಿಂಸೆಯೇ ಎಂಬುದನ್ನು ಶ್ರಾವಕರು ಮರೆಯಲಾಗದು.