ಲೆಕ್ಕಕ್ಕೆ ಬಾರದ ತೋಳು: ಸ್ತನಾರ್ಬುದ ಚಿಕಿತ್ಸೆಯ ಚರಿತ್ರೆಯಲ್ಲೊಂದು ಪ್ರಶ್ನೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬದುಕಿದವರನ್ನೂ ಮಡಿದವರನ್ನೂ ಎಣಿಸಿ ತೃಪ್ತರಾಗುತ್ತಾರೆ. ಬದುಕಿದವರು ಯಾವ ಬೆಲೆಯನ್ನು ತೆತ್ತು ಬದುಕಿದರೆಂಬ ಪ್ರಶ್ನೆಯು ಹಿಂದೆಯೇ ಉಳಿದುಬಿಡುತ್ತದೆ. ಅಮೆರಿಕದಲ್ಲಿ ಸುಮಾರು ಎಂಟು ದಶಕಗಳ ಕಾಲ ಪ್ರಚಲಿತವಾಗಿದ್ದ ಸ್ತನಾರ್ಬುದದ ಸಮೂಲ ಶಸ್ತ್ರಕ್ರಿಯೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ವಿಧಾನವನ್ನು ಸ್ಥಿರಪಡಿಸಿದವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ (1852–1922). ಅರ್ಬುದವು ಕೇಂದ್ರದಿಂದ ಹೊರಕ್ಕೆ ಕ್ರಮವಾಗಿ ಹರಡುತ್ತದೆಂಬುದು ಅವರ ನಂಬಿಕೆ. ಆದುದರಿಂದ ಸ್ತನದೊಡನೆ ಎದೆಯ ಸ್ನಾಯುವನ್ನೂ ಕಂಕುಳಿನ ಗ್ರಂಥಿಗಳನ್ನೂ ಅವರು ತೆಗೆದುಹಾಕುತ್ತಿದ್ದರು. 1894ರಲ್ಲಿ ಅವರು ಪ್ರಕಟಿಸಿದ 50 ರೋಗಿಗಳ ವರದಿಯಂತೆ, ಶಸ್ತ್ರಕ್ರಿಯೆ ನಡೆದ ಸ್ಥಳದಲ್ಲಿಯೇ ರೋಗವು ಮರುಕಳಿಸಿದ್ದು 3 ಮಂದಿಯಲ್ಲಿ ಮಾತ್ರ. ಯೂರೋಪಿನ ಹೆಸರಾಂತ ಶಸ್ತ್ರವೈದ್ಯರ ಲೆಕ್ಕಗಳಲ್ಲಿ ಈ ಪ್ರಮಾಣವು ಅರ್ಧಕ್ಕೂ ಮಿಗಿಲಾಗಿದ್ದಿತು. ರೋಗವು ಬಲಿತ ಮೇಲೆಯೇ ಸ್ತ್ರೀಯರು ಆಸ್ಪತ್ರೆಗೆ ಬರುತ್ತಿದ್ದ ಆ ಕಾಲದಲ್ಲಿ ಇದು ಅಲ್ಪವಾದ ಸಾಧನೆಯಲ್ಲ.

ಆದರೆ ಇದರ ಬೆಲೆ ಏನು? ಕುಳಿಬಿದ್ದ ಎದೆ, ಬಿಗಿದ ಭುಜ, ವರ್ಷಗಟ್ಟಲೆ ಬಾತುಕೊಂಡಿರುವ ತೋಳು. ನೀರು ಸೇದುವ, ಮಗುವನ್ನೆತ್ತುವ, ತಲೆ ಬಾಚುವ ಕೈಯೇ ಕುಂದಿತು. ಜೀವದ ಮುಂದೆ ಇಂತಹ ಊನವು ಅತ್ಯಲ್ಪವೆಂದೂ, ರೋಗಿಗಳ ಸರಾಸರಿ ವಯಸ್ಸು ಐವತ್ತೈದರ ಸಮೀಪವಿದ್ದು ಅವರು ಸಮಾಜದಲ್ಲಿ ಅಷ್ಟೇನೂ ಚಟುವಟಿಕೆಯುಳ್ಳವರಲ್ಲವೆಂದೂ ಹಾಲ್‌ಸ್ಟೆಡ್ ಬರೆದರು. ಅದೇ ಹಾಲ್‌ಸ್ಟೆಡ್ 1921ರಲ್ಲಿ ತೋಳಿನ ಬಾವನ್ನು ಕುರಿತೇ ಒಂದು ಪ್ರಬಂಧವನ್ನು ಪ್ರಕಟಿಸಿ, ಅದಕ್ಕೆ ಶಸ್ತ್ರಕ್ರಿಯೆಯಿಂದುಂಟಾದ ಆನೆಕಾಲು ಎಂಬರ್ಥದ ಹೆಸರಿಟ್ಟರೆಂಬುದು ಗಮನಾರ್ಹ. ಊನವು ಅವರ ಕಣ್ಣಿಗೆ ಬಿದ್ದಿತ್ತು. ಆದರೆ ಚಿಕಿತ್ಸೆಯ ಸೋಲುಗೆಲುವಿನ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿರಲಿಲ್ಲ.

ಆ ಲೆಕ್ಕವನ್ನು ಮೊದಲು ಎತ್ತಿದವರಲ್ಲಿ ರೋಗಿಗಳೇ ಪ್ರಮುಖರು. 1952ರಲ್ಲಿ ಈ ಶಸ್ತ್ರಕ್ರಿಯೆಗೊಳಗಾದ ಟೆರೀಸ್ ಲಾಸರ್ ಇತರ ರೋಗಿಗಳ ಹಾಸಿಗೆಯ ಬಳಿಗೆ ಹೋಗಿ ತೋಳಿನ ವ್ಯಾಯಾಮವನ್ನು ಕಲಿಸತೊಡಗಿದರು. ಗಡ್ಡೆಯ ಪರೀಕ್ಷೆಗೆಂದು ಅರಿವಳಿಕೆ ಪಡೆದ ಸ್ತ್ರೀಯು ಎಚ್ಚರಗೊಳ್ಳುವ ಹೊತ್ತಿಗೆ ಸ್ತನವೇ ಇಲ್ಲವಾಗಿರುವ ಪದ್ಧತಿಯನ್ನು ಪತ್ರಕರ್ತೆ ರೋಸ್ ಕುಶ್ನರ್ 1970ರ ದಶಕದಲ್ಲಿ ಬಲವಾಗಿ ವಿರೋಧಿಸಿದರು.

ಇತ್ತ ಬರ್ನಾರ್ಡ್ ಫಿಶರ್ ಅವರ ನೇತೃತ್ವದಲ್ಲಿ 1971ರಿಂದ 1974ರವರೆಗೆ 1,600ಕ್ಕೂ ಹೆಚ್ಚು ಸ್ತ್ರೀಯರನ್ನು ಸೇರಿಸಿಕೊಂಡು ತುಲನಾತ್ಮಕ ಪ್ರಯೋಗವೊಂದು ಆರಂಭವಾಯಿತು. 1985ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಫಲಿತಾಂಶವಾಗಲಿ, 2002ರಲ್ಲಿ ಪ್ರಕಟವಾದ ಇಪ್ಪತ್ತೈದು ವರ್ಷಗಳ ಫಲಿತಾಂಶವಾಗಲಿ, ಎದೆಯ ಸ್ನಾಯುವನ್ನು ಉಳಿಸಿದವರಿಗಿಂತ ಕಳೆದುಕೊಂಡವರು ಹೆಚ್ಚು ಕಾಲ ಬದುಕಿದರೆಂದು ತೋರಿಸಲಿಲ್ಲ. ಅರ್ಥಾತ್, ಜೀವಕ್ಕಾಗಿ ತೆತ್ತರೆಂದು ನಂಬಲಾಗಿದ್ದ ಆ ಬೆಲೆಯು ಅಸಂಖ್ಯ ಸ್ತ್ರೀಯರ ಪಾಲಿಗೆ ಜೀವವನ್ನು ಕೊಂಡುಕೊಟ್ಟಿರಲಿಲ್ಲ.

ಇದರಿಂದ ಹಾಲ್‌ಸ್ಟೆಡ್ ಕ್ರೂರಿಯಾಗಿದ್ದರೆಂಬ ತೀರ್ಮಾನಕ್ಕೆ ಬರುವುದು ಸಲ್ಲದು. ಅವರು ಅಳೆದುದನ್ನು ಪ್ರಾಮಾಣಿಕವಾಗಿಯೇ ಅಳೆದರು. ದೋಷವಿದ್ದುದು ಅಳತೆಗೋಲಿನ ಆಯ್ಕೆಯಲ್ಲಿ. ಬೆಲೆಯನ್ನು ಅಲ್ಪವೆಂದು ಬಗೆದ ಮೇಲೆ, ಅದನ್ನು ತೆರಲೇಬೇಕೇ ಎಂದು ಪರೀಕ್ಷಿಸುವ ತವಕವೂ ಹುಟ್ಟುವುದಿಲ್ಲ. ಕಂಕುಳಿನ ಎಲ್ಲ ಗ್ರಂಥಿಗಳ ಬದಲು ಮೊದಲು ಒಂದೆರಡನ್ನೇ ತೆಗೆದು ಪರೀಕ್ಷಿಸುವ ಕ್ರಮವು 1990ರ ದಶಕದಲ್ಲಿ ಬೆಳೆದುಬಂದಿತು. ತೋಳೂ ಲೆಕ್ಕಕ್ಕೆ ಬಂದುದರ ಫಲವಿದು. ಪರಂಪರೆಯಾಗಿ ಬಂದ ಅಂಕಿ ಅಂಶಗಳನ್ನು ಓದುವಾಗ, ಅವುಗಳಲ್ಲಿ ಯಾರ ನೋವಿಗೆ ಅಂಕಣವಿಲ್ಲವೆಂಬುದನ್ನೂ ಇತಿಹಾಸದ ವಿದ್ಯಾರ್ಥಿಯು ಕೇಳಬೇಕು.