ಹಾಜರಿ ಪಟ್ಟಿ ಕೇಳಿದ ಕೂಲಿಕಾರರು

ರಾಜಸ್ಥಾನದ ಬರ ಪರಿಹಾರ ಕಾಮಗಾರಿಗಳಲ್ಲಿ ದುಡಿದ ಬಡವರಿಗೆ ಪೂರ್ಣ ಕೂಲಿ ದೊರೆಯುತ್ತಿರಲಿಲ್ಲ. ಹಾಜರಿ ಪಟ್ಟಿ ತೋರಿಸಿರೆಂದರೆ, ಅದು ಸರಕಾರದ ರಹಸ್ಯವೆಂಬ ಉತ್ತರ ಬರುತ್ತಿತ್ತು. 1990ರಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರ ಜೊತೆಗೂಡಿ ಅವರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಗ್ರಾಮದಲ್ಲಿ ದಾಖಲೆಗಳನ್ನು ಊರವರೆದುರೇ ಓದಲಾಯಿತು. ದುಡಿಯದವರ ಹೆಸರಿನಲ್ಲೂ ಕೂಲಿ ಬರೆದಿದ್ದುದು ಬಯಲಾಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು.

ಕರ್ನಾಟಕವು 2000ದಲ್ಲೇ ಮಾಹಿತಿ ಹಕ್ಕಿನ ಕಾಯ್ದೆಯನ್ನು ರಚಿಸಿತು. 2005ರಲ್ಲಿ ಸಂಸತ್ತು ಕೇಂದ್ರ ಕಾಯ್ದೆಯನ್ನು ಅಂಗೀಕರಿಸಿತು. ಇಂದು 10 ರೂಪಾಯಿ ಶುಲ್ಕದ ಅರ್ಜಿಯೊಂದರಿಂದ ಸಾಮಾನ್ಯ ಪ್ರಜೆಯೂ ದಾಖಲೆ ಕೇಳಬಹುದು. ಲೆಕ್ಕ ಕೇಳುವುದನ್ನು ಉದ್ಧಟತನವೆಂದು ಭಾವಿಸಬೇಡಿ. ಆಳುವವರ ಮೇಲಿನ ಜನರ ವಿಶ್ವಾಸ ಬೆಳೆಯುವುದು ಆ ಪ್ರಶ್ನೆಗೆ ದೊರೆಯುವ ಪ್ರಾಮಾಣಿಕ ಉತ್ತರದಿಂದಲೇ.